ಬೀಳುವುದನ್ನು ಮೊದಲು ಕಲಿಸುವ ಆಟ

(ಸಂಘದ ಮಹಿಳಾ ವಿಭಾಗದ ಆಶ್ರಯದಲ್ಲಿ ಜರಗಿದ 2025ರ ಮಹಿಳಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹಿಳಾ ದಿನಾಚರಣೆಗೆ ಎರಡು ಮಾತು ಆಡಬೇಕು ಎಂದು ಕಾರ್ಯಾಧ್ಯಕ್ಷೆಯವರು ಫೋನ್ ಮಾಡಿದಾಗ, “ನೀನು ಎಂ.ಟೆಕ್. ಓದಿದವಳು, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳು” ಎಂದಿದ್ದರು. ನಾನು ಒಪ್ಪಿಕೊಂಡೆ. ಆದರೆ ವಾರಕ್ಕೆ ಐದು ದಿನ ಐರೋಲಿಯ ಆಫೀಸಿನಲ್ಲಿ ಅದನ್ನೇ ಮಾಡಿ, ಭಾನುವಾರವೂ ಅದನ್ನೇ ಹೇಳುವುದಕ್ಕೆ ಮನಸ್ಸು ಬರಲಿಲ್ಲ. ಹಾಗಾಗಿ ಅವರ ಕ್ಷಮೆ ಕೇಳಿ, ಇಂದು ಒಬ್ಬ ಜಿಮ್ನಾಸ್ಟಿನ ಕಥೆ ಹೇಳುತ್ತೇನೆ. ಅವರ ಹೆಸರು ದೀಪಾ ಕರ್ಮಾಕರ್. ಅವರು ಕನ್ನಡದವರಲ್ಲ, ಮುಂಬಯಿಯವರೂ ಅಲ್ಲ. ದೂರದ ತ್ರಿಪುರಾದ ಅಗರ್ತಲಾದವರು. ಆದರೂ ಅವರ ಕಥೆ ನಮ್ಮ ಮನೆಯೊಳಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು.

ನನ್ನ ಮಗಳಿಗೆ ಈಗ ಎಂಟು ವರ್ಷ. ಕಳೆದ ಸಲ ಮಳೆಗಾಲದ ಹೊತ್ತಿಗೆ, ಶಾಲೆಯ ಗೆಳತಿಯನ್ನು ನೋಡಿ, ತಾನೂ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ಸೇರಿಸಿದೆವು. ಒಂದು ತಿಂಗಳಾದ ಮೇಲೆ ಮನೆಯಲ್ಲಿ ಎಲ್ಲರೂ ಕೇಳಿದರು, “ಏನು ಕಲಿತೆ ಪುಟ್ಟಾ, ಮಾಡಿ ತೋರಿಸು.” ಅವಳು ಹಾಲಿನ ಮಧ್ಯೆ ನಿಂತು, ಗಲ್ಲವನ್ನು ಎದೆಗೆ ಒತ್ತಿಕೊಂಡು, ಬೆನ್ನು ಗುಂಡಗೆ ಮಾಡಿ ದೊಪ್ಪನೆ ಹಿಂದಕ್ಕೆ ಬಿದ್ದು ಉರುಳಿ ಎದ್ದಳು. “ಇದೇ ಕಲಿಸಿದ್ದು” ಎಂದಳು. ನಮ್ಮ ಅತ್ತೆಗೆ ಸಿಟ್ಟು ಬಂತು. “ತಿಂಗಳಿಗೆ ಇಷ್ಟು ಫೀಸು ಕೊಟ್ಟು ಬೀಳುವುದನ್ನು ಕಲಿಸುವುದಾ? ಅದನ್ನು ಮಕ್ಕಳು ಪುಕ್ಕಟೆ ಕಲಿಯುತ್ತಾರೆ!” ಎಂದರು.

ನೀವು ನಗುತ್ತೀರಿ, ಅಂದು ನಾನೂ ನಕ್ಕೆ. ಮರುದಿನ ಕ್ಲಾಸಿನ ಟೀಚರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟು: ಈ ಆಟದಲ್ಲಿ ಮೊದಲ ಪಾಠವೇ ಬೀಳುವುದು. ಕೈಯೂರಿ ಬೀಳಬಾರದು, ತಲೆ ಒಳಗೆ ಎಳೆದುಕೊಳ್ಳಬೇಕು, ಪೆಟ್ಟನ್ನು ಇಡೀ ಮೈಗೆ ಹಂಚಬೇಕು. ಅದು ಬಾರದ ಮಗುವಿಗೆ ಮುಂದಿನದನ್ನು ಕಲಿಸುವುದಿಲ್ಲ. ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮನ್ನು ಬೆಳೆಸುವಾಗ ಅಮ್ಮಂದಿರು, ಅಜ್ಜಿಯಂದಿರು ಹೇಳಿದ್ದೆಲ್ಲ “ಜಾಗ್ರತೆ, ಬೀಳಬೇಡ” ಎಂದೇ. ಬಿದ್ದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ದೀಪಾ ಅವರ ಕಥೆಗೆ ಮುನ್ನ ಈ ಆಟದ ಪರಿಚಯ ಸ್ವಲ್ಪ ಬೇಕು. ಮಹಿಳೆಯರ ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ನಾಲ್ಕು ಸ್ಪರ್ಧೆಗಳು. ಒಂದು ವಾಲ್ಟ್. ಓಡಿ ಬಂದು, ಸ್ಪ್ರಿಂಗ್ ಹಲಗೆಯ ಮೇಲೆ ಜಿಗಿದು, 125 ಸೆಂಟಿಮೀಟರ್ ಎತ್ತರದ ಮೇಜಿನ ಮೇಲೆ ಕೈಯೂರಿ ಗಾಳಿಯಲ್ಲಿ ಲಾಗ ಹಾಕಿ ನಿಲ್ಲುವುದು. ಓಡಲು ಸಿಗುವುದು ಹೆಚ್ಚೆಂದರೆ 25 ಮೀಟರ್. ಎರಡನೆಯದು ಎತ್ತರ-ತಗ್ಗಿನ ಎರಡು ಸರಳುಗಳ ಮೇಲಿನ ಕಸರತ್ತು. ಮೂರನೆಯದು ಬ್ಯಾಲೆನ್ಸ್ ಬೀಮ್. ಐದು ಮೀಟರ್ ಉದ್ದ, ಹತ್ತೇ ಸೆಂಟಿಮೀಟರ್ ಅಗಲ. ನಿಮ್ಮ ಅಂಗೈಯನ್ನು ಒಮ್ಮೆ ನೋಡಿಕೊಳ್ಳಿ, ಸುಮಾರು ಅಷ್ಟೇ ಅಗಲ. ಅದು ನಮ್ಮ ಅಡುಗೆಮನೆಯ ಕಟ್ಟೆಗಿಂತ ಎತ್ತರದಲ್ಲಿರುತ್ತದೆ. ಅದರ ಮೇಲೆ ನಡೆಯುವುದಷ್ಟೇ ಅಲ್ಲ, ಲಾಗ ಹಾಕಬೇಕು. ನಾಲ್ಕನೆಯದು ಫ್ಲೋರ್. 12 ಮೀಟರ್ ಉದ್ದ, 12 ಮೀಟರ್ ಅಗಲದ ಜಾಗದಲ್ಲಿ ಸಂಗೀತಕ್ಕೆ ತಕ್ಕ ಹಾಗೆ ಮಾಡುವ ಕಸರತ್ತು. ನಮ್ಮ ವರ್ತಕ ನಗರದ ಹಳೆಯ ಮ್ಹಾಡಾ ಮನೆಗಳನ್ನು ನಾಲ್ಕೈದು ಸೇರಿಸಿದಷ್ಟು ಜಾಗ ಎಂದುಕೊಳ್ಳಿ.

ಅಂಕ ಕೊಡುವ ಕ್ರಮವೂ ಸರಳ. ಮಾಡಿದ್ದು ಎಷ್ಟು ಕಷ್ಟದ್ದು ಎಂಬುದಕ್ಕೆ ಒಂದು ಅಂಕ, ಎಷ್ಟು ಚೆನ್ನಾಗಿ ಮಾಡಿದರು ಎಂಬುದಕ್ಕೆ ಇನ್ನೊಂದು. ಎರಡನೆಯದು ಹತ್ತರಿಂದ ಶುರುವಾಗಿ ತಪ್ಪಿಗೆ ತಕ್ಕ ಹಾಗೆ ಇಳಿಯುತ್ತದೆ. ನೆಲಕ್ಕೆ ಇಳಿಯುವಾಗ ಪಾದ ಸ್ವಲ್ಪ ಸರಿದರೆ 0.1, ದೊಡ್ಡ ಹೆಜ್ಜೆ ಇಟ್ಟರೆ 0.3, ಬಿದ್ದರೆ ಪೂರ್ತಿ ಒಂದು ಅಂಕ ಹೋಗುತ್ತದೆ. ಈ 0.3 ಎಂಬ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗ ಅಗರ್ತಲಾಕ್ಕೆ ಹೋಗೋಣ. ದೀಪಾ ಹುಟ್ಟಿದ್ದು 1993ರ ಆಗಸ್ಟ್ 9ರಂದು. ತಂದೆ ದುಲಾಲ್ ಕರ್ಮಾಕರ್ ಭಾರ ಎತ್ತುವ ಕ್ರೀಡೆಯ ತರಬೇತುದಾರರು. ಐದಾರು ವರ್ಷದ ಹುಡುಗಿಯನ್ನು ಜಿಮ್ನಾಸ್ಟಿಕ್ಸ್‌ಗೆ ತಂದು ಬಿಟ್ಟವರು ಅವರೇ. ಆದರೆ ಹುಡುಗಿಯ ಪಾದ ಚಪ್ಪಟೆ. ಪಾದದ ಅಡಿಯಲ್ಲಿ ಕಮಾನಿನಂತಹ ಬಾಗು ಇದ್ದರೆ ಜಿಗಿಯಲು, ಇಳಿಯಲು ಅನುಕೂಲ. ಅದು ಇಲ್ಲದವರಿಗೆ ಈ ಆಟ ಕಷ್ಟ. ಈ ಪಾದದಿಂದ ಏನೂ ಆಗದು ಎಂದು ಹೇಳಿದವರಿದ್ದರು. ತರಬೇತುದಾರ ಬಿಶ್ವೇಶ್ವರ್ ನಂದಿಯವರು ಹಾಗೆ ಹೇಳಿ ಕೈಬಿಡಲಿಲ್ಲ. ವರ್ಷಗಟ್ಟಲೆ ವ್ಯಾಯಾಮ ಮಾಡಿಸಿ ಆ ಪಾದವನ್ನು ತಿದ್ದಿದರು. ನಂದಿಯವರ ಪತ್ನಿ ಸೋಮಾ ನಂದಿಯವರೂ ತರಬೇತುದಾರರೇ. ಮೊದಲ ಪಾಠಗಳನ್ನು ಹೇಳಿಕೊಟ್ಟವರು ಅವರು.

ಸಲಕರಣೆಗಳ ವಿಷಯಕ್ಕೆ ಬಂದರೆ ನಮಗೆ ನಂಬಲು ಕಷ್ಟ. ಒಳ್ಳೆಯ ವಾಲ್ಟ್ ಇರಲಿಲ್ಲ. ಹಳೆಯ ಸ್ಕೂಟರಿನ ಬಿಡಿಭಾಗಗಳನ್ನು ಸೇರಿಸಿ ಅಭ್ಯಾಸಕ್ಕೆ ಬೇಕಾದದ್ದನ್ನು ಮಾಡಿಕೊಂಡರು. ಮಳೆಗಾಲದಲ್ಲಿ ಹಾಲಿಗೆ ನೀರು ನುಗ್ಗುತ್ತಿತ್ತು. ಮೊದಲ ಸ್ಪರ್ಧೆಗೆ ಹಾಕಿಕೊಳ್ಳಲು ಸ್ವಂತ ಉಡುಪೂ ಇರಲಿಲ್ಲವಂತೆ. ಎರವಲು ತಂದ, ಅಳತೆಗೆ ಸರಿಯಾಗದ ಉಡುಪಿನಲ್ಲಿ ಆ ಹುಡುಗಿ ಮೊದಲ ಸಲ ಸ್ಪರ್ಧೆಗೆ ಇಳಿದಳು. ನಾವು ನಮ್ಮ ಮಕ್ಕಳ ಒಂದು ಸಂಜೆಯ ಫ್ಯಾನ್ಸಿ ಡ್ರೆಸ್ಸಿಗೆ ಎಷ್ಟು ಅಂಗಡಿ ಸುತ್ತುತ್ತೇವೆ ಎಂದು ನೆನೆದರೆ ನಾಚಿಕೆಯಾಗುತ್ತದೆ.

2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಅಲಹಾಬಾದಿನ ಆಶಿಶ್ ಕುಮಾರ್ ಅಲ್ಲಿ ಬೆಳ್ಳಿ ಮತ್ತು ಕಂಚು ಗೆದ್ದಾಗ, ಭಾರತದಲ್ಲೂ ಜಿಮ್ನಾಸ್ಟಿಕ್ಸ್ ಇದೆ ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತಾದದ್ದು. ಹದಿನೇಳು ವರ್ಷದ ದೀಪಾ ಕೂಡ ಆ ತಂಡದಲ್ಲಿದ್ದರು, ಪದಕ ಬರಲಿಲ್ಲ. ಮರುವರ್ಷ ಜಾರ್ಖಂಡ್‌ನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಐದು ಚಿನ್ನ ಗೆದ್ದರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ವಾಲ್ಟ್‌ನಲ್ಲಿ ಕಂಚು ಬಂತು. ಆ ಕೂಟದ ಜಿಮ್ನಾಸ್ಟಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. 2015ರಲ್ಲಿ ಹಿರೋಶಿಮಾದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಕಂಚು. ಅದೇ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್ ತಲುಪಿ ಐದನೆಯವರಾದರು.

ಇದಕ್ಕೆಲ್ಲ ಕಾರಣವಾದದ್ದು ಒಂದು ವಾಲ್ಟ್. ಅದರ ಹೆಸರು ಪ್ರೊಡುನೋವಾ. 1999ರಲ್ಲಿ ಅದನ್ನು ಮಾಡಿ ತೋರಿಸಿದ ರಷ್ಯಾದ ಯೆಲೆನಾ ಪ್ರೊಡುನೋವಾ ಅವರ ಹೆಸರೇ ಅದಕ್ಕೆ ಉಳಿಯಿತು. ಓಡಿ ಬಂದು ಮೇಜಿನ ಮೇಲೆ ಕೈಯೂರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ ಕಾಲ ಮೇಲೆ ಇಳಿಯಬೇಕು. ಹಿಂದಕ್ಕೆ ಲಾಗ ಹಾಕುವಾಗ ಇಳಿಯುವ ಮೊದಲು ನೆಲ ಕಣ್ಣಿಗೆ ಬೀಳುತ್ತದೆ. ಮುಂದಕ್ಕೆ ಹಾಕುವಾಗ ಅದು ಕಾಣುವುದಿಲ್ಲ. ಕಾಲು ತಗಲುವವರೆಗೂ ಅಂದಾಜಿನ ಮೇಲೆಯೇ ನಡೆಯಬೇಕು. ಎರಡನೆಯ ಲಾಗ ಅರ್ಧಕ್ಕೆ ನಿಂತರೆ ಕುತ್ತಿಗೆಯ ಮೇಲೆಯೇ ಬೀಳುವುದು. ಸ್ಪರ್ಧೆಯಲ್ಲಿ ಇದನ್ನು ಮಾಡಿ ನಿಂತ ಹೆಂಗಸರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಅಷ್ಟು ಅಪಾಯ ಏಕೆ? ಇಲ್ಲಿ ನನ್ನ ಎಂಜಿನಿಯರ್ ಬುದ್ಧಿ ಸ್ವಲ್ಪ ಕೆಲಸಕ್ಕೆ ಬರುತ್ತದೆ. ಆಗಿನ ನಿಯಮದಲ್ಲಿ ಪ್ರೊಡುನೋವಾದ ಕಷ್ಟದ ಅಂಕ 7.0. ರಿಯೋದಲ್ಲಿ ಚಿನ್ನ ಗೆದ್ದ ಅಮೆರಿಕದ ಸಿಮೋನ್ ಬೈಲ್ಸ್ ಮಾಡಿದ ಎರಡು ವಾಲ್ಟ್‌ಗಳದ್ದು 6.3 ಮತ್ತು 6.4. ಅಂದರೆ ಓಡಲು ಶುರು ಮಾಡುವ ಮೊದಲೇ ಆರೇಳು ದಶಾಂಶದ ಲಾಭ. ಅಮೆರಿಕ, ರಷ್ಯಾಗಳಲ್ಲಿ ದಶಕಗಳಿಂದ ಬೆಳೆದುಬಂದ ತರಬೇತಿಯ ವ್ಯವಸ್ಥೆ ಇದೆ, ಅಲ್ಲಿನ ಹುಡುಗಿಯರು ಅಚ್ಚುಕಟ್ಟಿನಲ್ಲಿ ಅಂಕ ಉಳಿಸಿಕೊಳ್ಳುತ್ತಾರೆ. ಸ್ಕೂಟರಿನ ಬಿಡಿಭಾಗದಲ್ಲಿ ಕಲಿತವರಿಗೆ ಅದು ಇಲ್ಲ. ಆ ಅಂತರವನ್ನು ತುಂಬಲು ದಾರಿ ಕಷ್ಟದ ಕಡೆಯಿಂದಲೇ ಬರಬೇಕಿತ್ತು. ನಮ್ಮಲ್ಲೂ ಎಷ್ಟೋ ಹೆಣ್ಣುಮಕ್ಕಳು ಹೀಗೆಯೇ ಮೇಲೆ ಬಂದಿದ್ದಾರೆ, ಅಲ್ಲವೇ? ಬೇರೆಯವರಿಗೆ ಸುಲಭವಾಗಿ ಸಿಕ್ಕಿದ್ದನ್ನು ಪಡೆಯಲು ಇವರು ಎರಡರಷ್ಟು ಕಷ್ಟದ ದಾರಿ ಹಿಡಿಯಬೇಕಾಯಿತು.

2016ರ ಏಪ್ರಿಲ್‌ನಲ್ಲಿ ರಿಯೋದಲ್ಲಿ ನಡೆದ ಅರ್ಹತಾ ಸ್ಪರ್ಧೆಯಲ್ಲಿ 52.698 ಅಂಕ ಗಳಿಸಿ ದೀಪಾ ಒಲಿಂಪಿಕ್ಸ್‌ಗೆ ಆಯ್ಕೆಯಾದರು. ಅದಕ್ಕೆ ಮುಂಚೆ 1952, 1956 ಮತ್ತು 1964ರಲ್ಲಿ ಒಟ್ಟು 11 ಮಂದಿ ಭಾರತೀಯ ಪುರುಷರು ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ನಲ್ಲಿ ಭಾಗವಹಿಸಿದ್ದರು. 52 ವರ್ಷಗಳ ನಂತರ ಮತ್ತೆ ಒಬ್ಬರು ಹೋದರು, ಮತ್ತು ಈ ಸಲ ಹೋದದ್ದು ಹೆಂಗಸು.

ಆಗಸ್ಟ್ 7ರ ಅರ್ಹತಾ ಸುತ್ತಿನಲ್ಲಿ 14.850 ಅಂಕದೊಂದಿಗೆ ಅವರು ಎಂಟನೆಯವರಾದರು. ಫೈನಲ್‌ಗೆ ಹೋಗುವುದೇ ಎಂಟು ಜನ. ಎರಡು ದಿನದ ನಂತರ ಅವರ 23ನೆಯ ಹುಟ್ಟುಹಬ್ಬ. ಗುರುಗಳು ಫೋನಿನ ಸಿಮ್ ತೆಗೆದಿಟ್ಟಿದ್ದರು. ಮನಸ್ಸು ಚದುರಬಾರದೆಂದು, ಅಪ್ಪ ಅಮ್ಮನ ಹೊರತು ಬೇರೆ ಯಾರೊಂದಿಗೂ ಮಾತಿಲ್ಲ.

ಫೈನಲ್ ನಡೆದದ್ದು ಆಗಸ್ಟ್ 14ರಂದು, ನಮ್ಮ ಸಮಯದಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ. ಆಗ ನಾನು ಏಳು ತಿಂಗಳ ಬಸುರಿ. ನಿದ್ದೆ ಬಾರದೆ ಟಿವಿ ಮುಂದೆ ಕುಳಿತಿದ್ದೆ. ಮರುದಿನದ ಸ್ವಾತಂತ್ರ್ಯೋತ್ಸವಕ್ಕೆ ಕೆಳಗೆ ಕಟ್ಟಡದವರು ಕುರ್ಚಿ ಜೋಡಿಸುವ ಸದ್ದು ಕೇಳುತ್ತಿತ್ತು. ದೀಪಾ ಅವರ ಮೊದಲ ವಾಲ್ಟ್‌ಗೆ 14.866 ಬಂತು. ಎರಡನೆಯದು ಪ್ರೊಡುನೋವಾ. ಗಾಳಿಯಲ್ಲಿ ಎರಡು ಲಾಗ ಪೂರ್ತಿಯಾದವು. ಇಳಿಯುವಾಗ ಮೊಣಕಾಲು ಪೂರಾ ಮಡಚಿ ಕುಕ್ಕರಗಾಲಿನಲ್ಲಿ ಕುಳಿತಂತಾಗಿ ಎದ್ದು ನಿಂತರು. 15.266. ಎರಡರ ಸರಾಸರಿ 15.066. ಸ್ವಲ್ಪ ಹೊತ್ತು ಅವರು ಪದಕದ ಸ್ಥಾನದಲ್ಲೇ ಇದ್ದರು. ಆಮೇಲೆ ಬಂದವರು ದಾಟಿ ಹೋದರು. ಚಿನ್ನ ಸಿಮೋನ್ ಬೈಲ್ಸ್‌ಗೆ 15.966 ಅಂಕಕ್ಕೆ, ಬೆಳ್ಳಿ ರಷ್ಯಾದ ಮರಿಯಾ ಪಸೇಕಾಗೆ 15.253ಕ್ಕೆ, ಕಂಚು ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್‌ಗೆ 15.216ಕ್ಕೆ. ದೀಪಾ ನಾಲ್ಕನೆಯವರು.

ಅಂತರ 0.150. ಇದು ಎರಡು ವಾಲ್ಟ್‌ಗಳ ಸರಾಸರಿಯ ಅಂತರ. ಹಾಗಾದರೆ ಎರಡೂ ಸೇರಿ 0.3. ಆಗ ನೆನಪಿಡಿ ಎಂದೆನಲ್ಲ, ಅದೇ ಲೆಕ್ಕ. ಇಳಿಯುವಾಗ ಇಟ್ಟ ಒಂದು ದೊಡ್ಡ ಹೆಜ್ಜೆಯ ಬೆಲೆ ಅದು. ಹದಿನಾರು ಹದಿನೇಳು ವರ್ಷದ ದುಡಿಮೆ ಒಂದು ಹೆಜ್ಜೆಯಷ್ಟು ದೂರದಲ್ಲಿ ನಿಂತಿತು. ಟಿವಿ ಮುಂದೆ ಕುಳಿತ ನನಗೇ ಕಣ್ಣೀರು ಬಂತು.

ಬಂದ ಮೇಲೆ ದೇಶ ಅವರನ್ನು ಹೊತ್ತು ಮೆರೆಯಿತು. ಅದೇ ವರ್ಷ ಪಿ.ವಿ. ಸಿಂಧು, ಸಾಕ್ಷಿ ಮಲಿಕ್, ಜಿತು ರಾಯ್ ಅವರೊಂದಿಗೆ ಖೇಲ್ ರತ್ನ ಪ್ರಶಸ್ತಿ, ಗುರು ನಂದಿಯವರಿಗೆ ದ್ರೋಣಾಚಾರ್ಯ, ಮರುವರ್ಷ ದೀಪಾ ಅವರಿಗೆ ಪದ್ಮಶ್ರೀ. ಸಚಿನ್ ತೆಂಡೂಲ್ಕರ್ ಕೈಯಿಂದ ಬಿ.ಎಂ.ಡಬ್ಲ್ಯು. ಕಾರು. ಅಗರ್ತಲಾದ ಇಕ್ಕಟ್ಟಾದ ರಸ್ತೆಗಳಲ್ಲಿ ಅದನ್ನು ಓಡಿಸುವುದು, ಅಲ್ಲಿ ಅದರ ರಿಪೇರಿ ಮಾಡಿಸುವುದು ಕಷ್ಟ ಎಂದು ಆ ಕುಟುಂಬ ಅದನ್ನು ಇಟ್ಟುಕೊಳ್ಳಲಿಲ್ಲ. ನಮ್ಮ ಊರಿಗೆ ಸರಿಹೊಂದುವ ಕಾರು ಸಾಕು ಎಂದರು. ಮೆರವಣಿಗೆಗಳ ನಡುವೆಯೇ ಈಕೆ ರಾಜ್ಯಶಾಸ್ತ್ರದ ಎಂ.ಎ. ಪರೀಕ್ಷೆಗೂ ಕುಳಿತರು.

ಸಾಮಾನ್ಯವಾಗಿ ಇಂತಹ ಭಾಷಣಗಳು ಇಲ್ಲಿಗೆ ಮುಗಿಯುತ್ತವೆ. ಚಪ್ಪಾಳೆಯೂ ಬೀಳುತ್ತದೆ. ಆದರೆ ನಾನು ಹೇಳಬೇಕೆಂದಿರುವ ಕಥೆ ಶುರುವಾಗುವುದು ಇಲ್ಲಿಂದ. ಕ್ಯಾಮೆರಾಗಳು ಆಚೆ ಹೋದ ಮೇಲಿನ ಎಂಟು ವರ್ಷ.

2017ರಲ್ಲಿ ಮೊಣಕಾಲಿನ ಅಸ್ಥಿಬಂಧ ಹರಿಯಿತು. ಶಸ್ತ್ರಚಿಕಿತ್ಸೆ ನಡೆದದ್ದು ನಮ್ಮ ಮುಂಬಯಿಯಲ್ಲೇ. ಸುಮಾರು ಒಂದೂಕಾಲು ವರ್ಷದ ಮೇಲೆ, 2018ರ ಜುಲೈಯಲ್ಲಿ, ಟರ್ಕಿಯ ಮೆರ್ಸಿನ್‌ನಲ್ಲಿ ವರ್ಲ್ಡ್ ಚಾಲೆಂಜ್ ಕಪ್‌ನ ವಾಲ್ಟ್ ಚಿನ್ನ ಗೆದ್ದರು. ಅಂತಹ ಜಾಗತಿಕ ಸ್ಪರ್ಧೆಯಲ್ಲಿ ಭಾರತದ ಯಾವ ಜಿಮ್ನಾಸ್ಟೂ ಅದುವರೆಗೆ ಚಿನ್ನ ಗೆದ್ದಿರಲಿಲ್ಲ. ಮರುತಿಂಗಳು ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಮೊಣಕಾಲು ಕೈಕೊಟ್ಟಿತು. ನವೆಂಬರ್‌ನಲ್ಲಿ ಜರ್ಮನಿಯ ಕಾಟ್‌ಬುಸ್ ವಿಶ್ವಕಪ್‌ನಲ್ಲಿ ಕಂಚು. 2019ರಲ್ಲಿ ಬಾಕುವಿನಲ್ಲಿ ಪುನಃ ಪೆಟ್ಟು, ಪುನಃ ಶಸ್ತ್ರಚಿಕಿತ್ಸೆ. ಟೋಕಿಯೋ ಒಲಿಂಪಿಕ್ಸ್ ತಪ್ಪಿಹೋಯಿತು.

ಅದಕ್ಕಿಂತ ಕಹಿಯಾದದ್ದು ಮುಂದೆ ಕಾದಿತ್ತು. 2021ರ ಅಕ್ಟೋಬರ್ 11ರಂದು ಪಡೆದ ಅವರ ಮಾದರಿಯಲ್ಲಿ ಹೈಜೆನಮಿನ್ ಎಂಬ ನಿಷೇಧಿತ ವಸ್ತು ಸಿಕ್ಕಿತು. 21 ತಿಂಗಳ ನಿಷೇಧ. ತಿಳಿಯದೆ ದೇಹ ಸೇರಿದೆ ಎಂದು ಅವರು ಹೇಳಿದರು. ಅದು ಕೆಲವು ಸಸ್ಯಗಳಲ್ಲೂ ಇರುವ ವಸ್ತು. ಆದರೆ ಕ್ರೀಡೆಯ ನಿಯಮ ಕಠಿಣ. ದೇಹದೊಳಗೆ ಏನು ಸೇರಿದರೂ ಹೊಣೆ ಕ್ರೀಡಾಪಟುವಿನದೇ. ಇದನ್ನು ನಾನು ಮುಚ್ಚಿಟ್ಟು ಬರೀ ಹೊಗಳಿದರೆ ತಪ್ಪಾಗುತ್ತದೆ. ಅವರು ಶಿಕ್ಷೆಯನ್ನು ಒಪ್ಪಿಕೊಂಡು ಪೂರ್ತಿ ಮಾಡಿದರು. ಅವಧಿ ಮುಗಿದದ್ದು 2023ರ ಜುಲೈ 10ರಂದು. ಅದೇ ತಿಂಗಳು ಏಷ್ಯನ್ ಗೇಮ್ಸ್‌ನ ಆಯ್ಕೆಗೆ ನಡೆದ ಪರೀಕ್ಷೆಯಲ್ಲಿ ಮೊದಲಿಗರಾದರು. ಆದರೂ ಹೋಗಲಾಗಲಿಲ್ಲ. ಹಿಂದಿನ 12 ತಿಂಗಳ ಸಾಧನೆ ನೋಡಬೇಕು ಎಂಬ ನಿಯಮ ಇತ್ತು. ನಿಷೇಧದಲ್ಲಿದ್ದವರಿಗೆ ಆ 12 ತಿಂಗಳ ಸಾಧನೆ ಎಲ್ಲಿಂದ ಬರಬೇಕು?

ಇಲ್ಲಿ ನನಗೆ ನನ್ನದೇ ಒಂದು ಸಂದರ್ಶನ ನೆನಪಾಗುತ್ತದೆ. ಮಗಳು ಹುಟ್ಟಿದ ಮೇಲೆ ಎರಡು ವರ್ಷ ನಾನು ಮನೆಯಲ್ಲಿದ್ದೆ. ಮತ್ತೆ ಕೆಲಸ ಹುಡುಕಿ ಹೋದಾಗ ಒಂದು ಕಡೆ ಬರವಣಿಗೆಯ ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂದಿತ್ತು. ಆದರೆ ಎದುರು ಕುಳಿತವರು ಕೇಳಿದ್ದು ಒಂದೇ ಪ್ರಶ್ನೆ: “ಹೋದ ಎರಡು ವರ್ಷ ಏನು ಮಾಡಿದಿರಿ?” ಒಂದು ಮಗುವನ್ನು ನಡೆಯಲು, ಮಾತಾಡಲು ಕಲಿಸಿದೆ ಎಂದು ಹೇಳಲು ನಾಲಗೆ ಬರಲಿಲ್ಲ. ಕೆಲಸ ಸಿಗಲಿಲ್ಲ. ಮನೆಗೆ ಬರುವ ಟಿ.ಎಂ.ಟಿ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ದೀಪಾ ಅವರ ಕಷ್ಟಕ್ಕೂ ನನ್ನದಕ್ಕೂ ಹೋಲಿಕೆ ಇಲ್ಲ. ಆದರೆ ಇಲ್ಲಿ ಕುಳಿತಿರುವ ಎಷ್ಟೋ ಮಂದಿಗೆ ಆ ಪ್ರಶ್ನೆಯ ಪರಿಚಯ ಇದೆ ಎಂದು ನನಗೆ ಗೊತ್ತು.

ದೀಪಾ ಏನು ಮಾಡಿದರು? ಅಗರ್ತಲಾಕ್ಕೆ ಹೋಗಿ ಮತ್ತೆ ಅಭ್ಯಾಸಕ್ಕೆ ನಿಂತರು. 2024ರ ಮೇ 26ರಂದು ತಾಶ್ಕೆಂಟ್‌ನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನ ವಾಲ್ಟ್ ಫೈನಲ್. ಅಂಕ 13.566. ಉತ್ತರ ಕೊರಿಯಾದ ಇಬ್ಬರನ್ನು ಹಿಂದಕ್ಕೆ ಹಾಕಿ ಚಿನ್ನ. ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಜಿಮ್ನಾಸ್ಟಿಗೆ ಬಂದ ಮೊತ್ತಮೊದಲ ಚಿನ್ನ ಅದು. ರಿಯೋದ 15.066 ಎಲ್ಲಿ, ಈ 13.566 ಎಲ್ಲಿ ಎಂದು ಅಂಕಗಳನ್ನು ಪಕ್ಕ ಪಕ್ಕ ಇಟ್ಟು ನೋಡುವವರು ಇರಬಹುದು. ನನಗೆ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ಎರಡು ಸಲ ಕೊಯ್ದ ಮೊಣಕಾಲು, ಮೂವತ್ತು ತುಂಬಿದ ದೇಹ, ಎಲ್ಲರೂ ಮರೆತ ಹೆಸರು, ಇವಿಷ್ಟನ್ನೂ ಹೊತ್ತುಕೊಂಡು 25 ಮೀಟರ್ ಓಡಿದ ಫಲ ಅದು. ಅದೇ ಅಕ್ಟೋಬರ್ 7ರಂದು, 31ನೆಯ ವಯಸ್ಸಿನಲ್ಲಿ, ಅವರು ನಿವೃತ್ತಿ ಹೇಳಿದರು. ವಿದಾಯದ ಮಾತಿನಲ್ಲಿ, ಚಪ್ಪಟೆ ಪಾದದವಳು ಜಿಮ್ನಾಸ್ಟ್ ಆಗಲಾರಳು ಎಂದು ಕೇಳಿಸಿಕೊಂಡ ಆ ಪುಟ್ಟ ಹುಡುಗಿಯನ್ನು ನೆನೆದರು.

ಅವರ ದಾರಿಯಲ್ಲಿ ಇಂದು ಬೇರೆಯವರೂ ನಡೆಯುತ್ತಿದ್ದಾರೆ. ಹೈದರಾಬಾದಿನ ಅರುಣಾ ರೆಡ್ಡಿ 2018ರಲ್ಲಿ ಮೆಲ್ಬರ್ನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದರು. ಪಶ್ಚಿಮ ಬಂಗಾಳದ ಬಸ್ ಚಾಲಕರ ಮಗಳು ಪ್ರಣತಿ ನಾಯಕ್ ಟೋಕಿಯೋ ಒಲಿಂಪಿಕ್ಸ್‌ಗೆ ಹೋದರು. ನಮ್ಮ ಥಾಣೆಯವರೇ ಆದ ಪೂಜಾ ಸುರ್ವೆ ಇದರ ಅಕ್ಕತಂಗಿಯಂತಿರುವ ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದವರು. ಇನ್ನು ವಯಸ್ಸಾಯಿತು ಎನ್ನುವವರಿಗೆ ಉಜ್ಬೆಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಇದ್ದಾರೆ. ಮಗನಿಗೆ ರಕ್ತದ ಕ್ಯಾನ್ಸರ್ ಬಂದಾಗ ಚಿಕಿತ್ಸೆಗಾಗಿ ಜರ್ಮನಿಗೆ ಹೋಗಿ, ಆ ದೇಶದ ಪರವಾಗಿ ಆಡಿ, 33ನೆಯ ವಯಸ್ಸಿನಲ್ಲಿ ಬೀಜಿಂಗ್‌ನಲ್ಲಿ ಬೆಳ್ಳಿ ಗೆದ್ದರು. ಮಗ ಗುಣವಾದ. ರಿಯೋದಲ್ಲಿ ದೀಪಾ ಆಡಿದ ಅದೇ ಫೈನಲ್‌ನಲ್ಲಿ ಈ ತಾಯಿಯೂ ಇದ್ದರು, ವಯಸ್ಸು 41.

ಹಾಗೆಂದು, ಎಷ್ಟು ನೋವಾದರೂ ಹಲ್ಲು ಕಚ್ಚಿ ಮುಂದೆ ಹೋಗಿ ಎಂದು ನಾನು ಹೇಳುತ್ತಿಲ್ಲ. 2021ರ ಟೋಕಿಯೋದಲ್ಲಿ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತನ್ನ ದೇಹ ಎಲ್ಲಿದೆ ಎಂಬ ಅಂದಾಜೇ ತಪ್ಪುತ್ತಿದೆ ಎಂದು ತಿಳಿದ ಕೂಡಲೇ ತಂಡದ ಫೈನಲ್‌ನ ಮಧ್ಯೆ ಹಿಂದೆ ಸರಿದರು. ಜಗತ್ತು ಏನೇನೋ ಅಂದಿತು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಬೇಡ ಎಂದು ನಿಲ್ಲುವುದೂ ಬೀಳುವುದನ್ನು ಕಲಿತವರಿಗೇ ಬರುವ ವಿದ್ಯೆ.

ಮಕ್ಕಳನ್ನು ಇಂತಹ ಕ್ಲಾಸುಗಳಿಗೆ ಕಳಿಸುವ ತಾಯಂದಿರು ಇನ್ನೂ ಒಂದು ವಿಷಯ ತಿಳಿದಿರಬೇಕು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ವರ್ಷಗಟ್ಟಲೆ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದ. 2018ರಲ್ಲಿ 150ಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ಅವನ ಎದುರಿಗೇ ನಿಂತು ಮಾತಾಡಿದರು. ಅವರಲ್ಲಿ ಕೆಲವರು ಮೊದಲೇ ಹೇಳಿದ್ದರೂ ದೊಡ್ಡವರು ನಂಬಿರಲಿಲ್ಲ. ಆದ್ದರಿಂದ ಕ್ಲಾಸಿಗೆ ಸೇರಿಸುವಾಗ ಫೀಸು ಎಷ್ಟು ಎಂದು ಕೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇಳಿಯುವ ಜಾಗದಲ್ಲಿ ದಪ್ಪ ಮ್ಯಾಟ್ ಇದೆಯೇ? ಕಲಿಸುವವರಲ್ಲಿ ಹೆಂಗಸರಿದ್ದಾರೆಯೇ? ಅಪ್ಪ ಅಮ್ಮ ಕುಳಿತು ನೋಡಬಹುದೇ? ಮಗು ನೋವಾಗುತ್ತದೆ ಎಂದಾಗ ನಿಲ್ಲಿಸುತ್ತಾರೆಯೇ? ಉತ್ತರ ಸಮಾಧಾನ ಕೊಡದಿದ್ದರೆ ಬೇರೆ ಕ್ಲಾಸ್ ಹುಡುಕಿ. ಮತ್ತು ಮಗು ಮನೆಗೆ ಬಂದು ಏನಾದರೂ ಹೇಳಿದರೆ ಕುಕ್ಕರ್ ಆರಿಸಿ ಪೂರ್ತಿ ಕೇಳಿ.

ಕೊನೆಗೆ ನಮ್ಮ ಮನೆಗೇ ಬರುತ್ತೇನೆ. ಈ ವರ್ಷ ಜನವರಿಯಲ್ಲಿ ಮಗಳ ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಕ್ಲಾಸಿನಲ್ಲಿ ಅಲ್ಲ, ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಓಡುವಾಗ. ಮೂರು ವಾರ ಪ್ಲಾಸ್ಟರ್. ಅತ್ತೆ ಅಷ್ಟೂ ದಿನ ಅವಳಿಗೆ ಕೈತುತ್ತು ತಿನ್ನಿಸಿದರು, ಅಷ್ಟೂ ದಿನ ನನಗೆ ಒಂದೇ ಮಾತು ಹೇಳಿದರು: “ಹೆಣ್ಣುಮಗು, ಕೈಕಾಲು ಊನವಾದರೆ ನಾಳೆ ಏನು ಗತಿ? ಕ್ಲಾಸ್ ಸಾಕು.” ಅವರ ಭಯ ಸುಳ್ಳಲ್ಲ. ಅವರು ಬೆಳೆದ ಕಾಲದಲ್ಲಿ ಅದೇ ನಿಜವಾಗಿತ್ತು. ನನಗೂ ರಾತ್ರಿ ಆ ಭಯ ಬರುತ್ತಿತ್ತು.

ಪ್ಲಾಸ್ಟರ್ ತೆಗೆದ ದಿನ ನಾನು ಮಗಳನ್ನೇ ಕೇಳಿದೆ, ಹೋಗುತ್ತೀಯಾ, ಬಿಡುತ್ತೀಯಾ? ಅವಳು ಯೋಚಿಸಿ, “ಬೀಮ್ ಬೇಡ, ಈಗ ಭಯ ಆಗ್ತದೆ. ಉರುಳುವುದು ಮಾಡ್ತೇನೆ” ಎಂದಳು. ನಾನು ಅತ್ತೆಗೆ ತಾಶ್ಕೆಂಟ್‌ನ ಆ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. “ಇವಳ ತಾಯಿ ಹೇಗೆ ಎದೆ ಗಟ್ಟಿ ಮಾಡಿಕೊಂಡಳೋ” ಎಂದರು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೋದ ಶನಿವಾರ ಸಂಜೆ ಮಗಳನ್ನು ಕ್ಲಾಸಿಗೆ ಕರೆದುಕೊಂಡು ಹೋದವರು ಅವರೇ. ಬಂದು ಹೇಳಿದ್ದು, “ಮ್ಯಾಟ್ ದಪ್ಪ ಇದೆ, ನಾನೇ ಕೈಯಿಂದ ಒತ್ತಿ ನೋಡಿದೆ.” ಅವರು ಇಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೊಂದು ಚಪ್ಪಾಳೆ ಕೊಡಿ.

ನನ್ನ ಮಗಳು ದೀಪಾ ಕರ್ಮಾಕರ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವಳು ಬಿದ್ದಾಗ ಗಲ್ಲವನ್ನು ಎದೆಗೆ ಒತ್ತಿಕೊಂಡು ಉರುಳಿ ಏಳಲು ಕಲಿತರೆ, ಬೇಡ ಎನಿಸಿದಾಗ ಬೇಡ ಎನ್ನಲು ಕಲಿತರೆ, ಕೊಟ್ಟ ಫೀಸು ವ್ಯರ್ಥವಲ್ಲ. ನಮ್ಮ ಹೆಣ್ಣುಮಕ್ಕಳಿಗೆ “ಬೀಳಬೇಡ” ಎನ್ನುವುದರ ಜೊತೆಗೆ ಇದನ್ನೂ ಹೇಳಿಕೊಡೋಣ. ಕೆಳಗೆ ದಪ್ಪನೆಯ ಮ್ಯಾಟ್ ಹಾಸುವ ಕೆಲಸ ನಮ್ಮದು, ದೊಡ್ಡವರದು.